ಸರಪಳಿಯ ಮೊದಲ ಕೊಂಡಿ

ನಮ್ಮ ಅತ್ತೆಗೆ, ಅಂದರೆ ಅಪ್ಪನ ಅಕ್ಕನಿಗೆ, ಗುಟ್ಟು ಕಾಯುವುದು ಕಸುಬಿನ ಭಾಗವೇ ಆಗಿತ್ತು. ಅವಳು ಹೊಸ ಬಟ್ಟೆ ಹೊಲಿಯುತ್ತಿರಲಿಲ್ಲ, ಹಳೆಯದನ್ನು ಸರಿಮಾಡಿಕೊಡುತ್ತಿದ್ದಳು. ಬೀದಿಯ ಒಂದು ಕಟ್ಟಡದ ಮೆಟ್ಟಿಲ ಕೆಳಗೆ ಅವಳ ಕೋಣೆ, ತಲೆ ತಗ್ಗಿಸಿಯೇ ಒಳಗೆ ಹೋಗಬೇಕು. ಕಿಟಕಿಯ ಬೆಳಕು ಬೀಳುವಲ್ಲಿ ಹೊಲಿಗೆ ಯಂತ್ರ, ಎದುರು ಗೋಡೆಗೆ ಒಂದು ಉದ್ದ ಕನ್ನಡಿ. ದಪ್ಪಗಾದವರ ಅಂಗಿ ಬಿಡಿಸುವುದು, ಸೊರಗಿದವರ ಅಂಗಿ ಹಿಡಿಸುವುದು, ಅಣ್ಣನ ಪ್ಯಾಂಟನ್ನು ತಮ್ಮನಿಗೆ ಇಳಿಸುವುದು, ಇವೇ ಕೆಲಸ. ಯಾರು ಬಸುರಿ, ಯಾರಿಗೆ ಚಿಂತೆ ಹತ್ತಿದೆ, ಯಾರ ಮನೆಯಲ್ಲಿ ಹೊಟ್ಟೆಗೆ ಸರಿಯಾಗಿ ಬೀಳುತ್ತಿಲ್ಲ ಎಂಬುದೆಲ್ಲ ಅವಳ ಅಳತೆ ಟೇಪಿಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತಿತ್ತು. ಟೇಪು ಬಾಯಿ ಬಿಡುತ್ತಿರಲಿಲ್ಲ, ಅತ್ತೆಯೂ ಬಿಡುತ್ತಿರಲಿಲ್ಲ. ಸದಾ ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿರುವವಳು ಬಾಯಿ ಬಿಡುವುದಾದರೂ ಹೇಗೆ ಎಂದು ಅಪ್ಪ ತಮಾಷೆ ಮಾಡುತ್ತಿದ್ದ.

ಆ ಕಾರಣಕ್ಕೇ ಅವಳನ್ನು ನಮ್ಮ ಕ್ರೈಸ್ತ ಸಭೆಯ ಪ್ರಾರ್ಥನೆ ಸರಪಳಿಯ ಮೊದಲ ಕೊಂಡಿಯಾಗಿ ಮಾಡಿದ್ದರು. ಯಾರಿಗೆ ಕಷ್ಟ ಬಂದರೂ ಮೊದಲು ಅತ್ತೆಗೆ ಫೋನು. ಅತ್ತೆ ಅದನ್ನು ಮುಂದಿನ ಮನೆಗೆ ಹೇಳಬೇಕು, ಆ ಮನೆಯವರು ಅದರ ಮುಂದಿನ ಮನೆಗೆ. ಸಂಜೆಯ ಹೊತ್ತಿಗೆ ಇಡೀ ಸಭೆ ಆ ಒಬ್ಬರಿಗಾಗಿ ಮೊಣಕಾಲೂರಿರುತ್ತಿತ್ತು. ಕೇಳಲು ಚೆಂದ. ಆದರೆ ನಮ್ಮವರದ್ದು ಒಂದು ಹಟ: ಹೆಸರು, ಕಾಯಿಲೆ, ದಿನ ಮೂರನ್ನೂ ಬಿಡಿಸಿ ಹೇಳಲೇಬೇಕು. ‘ಒಬ್ಬರಿಗೆ ಕಷ್ಟವಂತೆ’ ಎಂದರೆ ದೇವರಿಗೆ ಸಾಕಾಗುತ್ತಿತ್ತೇನೋ, ನಮ್ಮವರಿಗೆ ಸಾಲುತ್ತಿರಲಿಲ್ಲ. ಹಾಗೆಯೇ ಹೇಳಿದರೆ ಚಾಡಿ, ಪ್ರಾರ್ಥನೆಗೆಂದು ಹೇಳಿದರೆ ಭಕ್ತಿ. ಈ ವ್ಯತ್ಯಾಸವನ್ನು ನಮ್ಮ ಸಭೆ ಬಹಳ ಚೆನ್ನಾಗಿ ಕಾಪಾಡಿಕೊಂಡು ಬಂದಿತ್ತು.

ಗಂಡನ ಅಕ್ಕ, ತಮ್ಮನ ಹೆಂಡತಿ ಅಂದರೆ ಎಣ್ಣೆ ಸೀಗೆಕಾಯಿ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಹಾಗಿರಲಿಲ್ಲ. ಅತ್ತೆ ಮದುವೆಯಾದವಳಲ್ಲ, ಅಮ್ಮ ನಮ್ಮ ಮನೆಗೆ ಬಂದಾಗ ಅವಳಿಗೆ ಅವ್ವನಿಲ್ಲದ ತವರು. ಇಬ್ಬರೂ ಒಬ್ಬರಿಗೊಬ್ಬರು ಸಿಕ್ಕಿಕೊಂಡರು. ಅಮ್ಮ ಸಭೆಯ ಗಾಯನ ತಂಡದಲ್ಲಿ ಮುಂದಿನ ಸಾಲಿನವಳು. ಪಾಸ್ಟರರ ಬೋಧನೆಗೆ ತೂಕಡಿಸುವವರು ಅಮ್ಮನ ಹಾಡಿಗೆ ಎಚ್ಚರವಾಗುತ್ತಿದ್ದರು, ಮತ್ತೆ ಬೋಧನೆಗೆ ತೂಕಡಿಸುತ್ತಿದ್ದರು.

ನಾನು ಶಾಲೆಗೆ ಹೋಗುತ್ತಿದ್ದ ಒಂದು ವರ್ಷ ಅಮ್ಮ ಅತ್ತೆಯ ಕೋಣೆಯ ಕನ್ನಡಿಯ ಮುಂದೆ ನಿಂತು, ಬಾಗಿಲು ಹಾಕಿಸಿ, ತನ್ನ ಎದೆಯಲ್ಲಿ ಒಂದು ಗಡ್ಡೆ ಇದೆಯೆಂದು ಅತ್ತೆಗೆ ಹೇಳಿದಳು. ಡಾಕ್ಟರು ನೋಡಿಯಾಗಿತ್ತು. ಆಪರೇಷನ್ ಮಾಡಲೇಬೇಕು, ತಡಮಾಡಿದರೆ ಹರಡುತ್ತದೆ ಎಂದಿದ್ದರು. ಸೋಮವಾರಕ್ಕೆ ದಿನ ಕೊಟ್ಟಿದ್ದರು. ಅಪ್ಪನಿಗೆ ಗೊತ್ತು, ನನಗೆ ಗೊತ್ತು, ಈಗ ಅತ್ತೆಗೆ. ಇನ್ನು ಯಾರಿಗೂ ಗೊತ್ತಾಗಬಾರದು ಎಂದು ಅಮ್ಮ ಅತ್ತೆಯ ಕೈ ಹಿಡಿದುಕೊಂಡಳು.

“ಸರಪಳಿಗೆ ಹಾಕಬೇಡಿ ಅತ್ತಿಗೆ. ನಾನು ಹಾಡೋಕೆ ನಿಂತಾಗ ಎಲ್ರೂ ಅಲ್ಲೇ ನೋಡ್ತಾರೆ.”

ಅತ್ತೆ ಮಾತು ಕೊಟ್ಟಳು. ಕೊಟ್ಟು ತನ್ನ ಮನೆಗೆ ಹೋದವಳಿಗೆ ಅನ್ನ ಸೇರಲಿಲ್ಲ. ಕಂಡವರ ಮಂಡಿನೋವಿಗೆಲ್ಲ ಇಡೀ ಸಭೆಯನ್ನು ಮೊಣಕಾಲೂರಿಸಿದವಳು, ಈಗ ಸ್ವಂತ ತಮ್ಮನ ಹೆಂಡತಿಗೆ ಒಬ್ಬಳೇ ಪ್ರಾರ್ಥಿಸಬೇಕೇ? ಹಾಗಂತ ಕೊಟ್ಟ ಮಾತು ಮುರಿಯುವುದೇ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕೊನೆಗೆ ಫೋನು ಎತ್ತಿಕೊಂಡು ಮುಂದಿನ ಮನೆಗೆ ಹೇಳಿದಳು: ತಮ್ಮನ ಹೆಂಡತಿಗೆ ಗಂಟಲಿನ ತೊಂದರೆ, ಸೋಮವಾರ ಆಪರೇಷನ್, ಆದರೆ ಅವಳ ಮುಂದೆ ಯಾರೂ ಈ ಮಾತು ಎತ್ತಬಾರದು, ನೊಂದುಕೊಳ್ಳುತ್ತಾಳೆ. ಅಮ್ಮ ಒಂದೆರಡು ವಾರದಿಂದ ಹಾಡದೆ ಬರೀ ತುಟಿ ಆಡಿಸುತ್ತಿದ್ದುದನ್ನು ಎಲ್ಲರೂ ನೋಡಿದ್ದರು. ಹಾಗಾಗಿ ಗಂಟಲು ಎಂದ ಕೂಡಲೇ ಎಲ್ಲರೂ ನಂಬಿದರು. ಅಪರೂಪಕ್ಕೆ ನಮ್ಮ ಸಭೆಯವರು ಬಾಯಿ ಬಿಗಿಹಿಡಿದರು, ಒಬ್ಬರೂ ಅಮ್ಮನನ್ನು ಕೇಳಲಿಲ್ಲ. ಪ್ರಾರ್ಥನೆಯಲ್ಲಿ ಸುಳ್ಳು ಹೇಳಿದ್ದಕ್ಕೆ ಅತ್ತೆ ಆ ದಿನವೇ ದೇವರ ಹತ್ತಿರ ಕ್ಷಮೆ ಕೇಳಿಕೊಂಡಳಂತೆ. ಎದೆಗೆ ಹೋಗಬೇಕಾದ್ದನ್ನು ನೀನೇ ನೋಡಿ ಎದೆಗೆ ಕಳಿಸಿಕೋ ಎಂದು ದೇವರಿಗೇ ವಿಳಾಸ ತಿದ್ದುವ ಕೆಲಸವನ್ನೂ ವಹಿಸಿದಳಂತೆ.

ಆ ವಾರವೇ ನಮ್ಮ ಸಭೆಗೆ ಒಬ್ಬ ಪ್ರವಾದಿ ಬಂದ. ಮೂರು ಸಂಜೆ ಕೂಟ, ಬುಧವಾರದಿಂದ ಶುಕ್ರವಾರದವರೆಗೆ. ಬೇರೆ ಊರುಗಳಲ್ಲಿ ಇವನ ಮಾತು ಕೇಳಿ ಜನ ನಡುಗಿದರಂತೆ, ಎದ್ದು ಕುಣಿದರಂತೆ ಎಂದು ಯಾರೋ ಹೇಳಿದ್ದರಿಂದ ನಮ್ಮ ಪಾಸ್ಟರರು ಕರೆಸಿದ್ದರು. ಕುರ್ಚಿಗಳು ಖಾಲಿ ಬೀಳುತ್ತಿದ್ದ ಕಾಲ, ಅವರನ್ನೂ ದೂರಿ ಫಲವಿಲ್ಲ. ಪ್ರವಾದಿಗೆ ವಸತಿ ಬೇಕರಿಯಮ್ಮನ ಮನೆಯ ಮಹಡಿಯಲ್ಲಿ. ಬೇಕರಿಯಮ್ಮ ಅಂದರೆ ಬೀದಿ ತುದಿಯಲ್ಲಿ ಬ್ರೆಡ್ಡು ಮಾರುವ ಒಳ್ಳೆಯ ಹೆಂಗಸು, ನಮ್ಮ ಸರಪಳಿಯ ಕೊನೆಯ ಕೊಂಡಿ. ಪ್ರವಾದಿಯ ಕೋಟಿನ ಒಳಬಟ್ಟೆ ಹರಿದಿದೆಯೆಂದು ಅವಳೇ ಅದನ್ನು ತಂದು ಅತ್ತೆಯ ಮೇಜಿನ ಮೇಲೆ ಇಟ್ಟುಹೋದಳು. ಉಣ್ಣೆಯ ಕೋಟು. ಕುರಿಯ ವೇಷದಲ್ಲಿ ಬರುವವರ ಬಗ್ಗೆ ಎಚ್ಚರವಾಗಿರಿ ಎಂದು ಕರ್ತನು ಹೇಳಿದ್ದನ್ನು ನಾವೆಲ್ಲ ಕೇಳಿದ್ದೇವೆ. ಆ ವೇಷವನ್ನು ಕೈಯಾರೆ ರಿಪೇರಿ ಮಾಡಿದವಳು ಮಾತ್ರ ನಮ್ಮ ಅತ್ತೆ ಒಬ್ಬಳೇ ಇರಬೇಕು. ಕೋಟು ತಿರುವಿಹಾಕಿ ಹೊಲಿದಳು, ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಕೋಟು ನೋಡಿ ಮನುಷ್ಯನನ್ನು ತಿಳಿಯುವ ಹಾಗಿದ್ದರೆ ನಾನು ಯಾವತ್ತೋ ಪಂಡಿತೆ ಆಗಿರುತ್ತಿದ್ದೆ ಎಂದು ಅವಳೇ ಹೇಳುತ್ತಿದ್ದಳು.

ಬುಧವಾರ ಸಂಜೆ ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಪ್ರವಾದಿ ತೆಳ್ಳಗಿನ ಮನುಷ್ಯ, ದನಿ ಮೆತ್ತಗೆ. ನಾನು ಗಟ್ಟಿಗಂಟಲಿನ ಆರ್ಭಟ ನಿರೀಕ್ಷಿಸಿದ್ದೆ, ಆತ ಪಕ್ಕದಲ್ಲಿ ಕೂತು ಮಾತಾಡುವವನ ಹಾಗೆ ಮಾತಾಡಿದ. ಹಾಡು ಮುಗಿದ ಮೇಲೆ ಕಣ್ಣುಮುಚ್ಚಿ ಸ್ವಲ್ಪ ಹೊತ್ತು ನಿಂತು, ಆಮೇಲೆ ನೇರವಾಗಿ ಗಾಯನ ತಂಡದ ಕಡೆ ತಿರುಗಿದ.

“ಇಲ್ಲೊಬ್ಬ ತಾಯಿ ಇದ್ದಾಳೆ. ಗಂಟಲಿನ ಬಾಧೆ. ಸೋಮವಾರ ಕತ್ತಿ ಕಾದಿದೆ. ಕರ್ತ ಹೇಳ್ತಿದ್ದಾನೆ, ಮಗಳೇ, ಆ ಕತ್ತಿ ನಿನ್ನನ್ನ ಮುಟ್ಟಬೇಕಾಗಿಲ್ಲ. ನಾನೇ ಮುಟ್ಟಿದ್ದೀನಿ.”

ಅಮ್ಮ ಬಿಕ್ಕಿಬಿಕ್ಕಿ ಅತ್ತಳು. ಅತ್ತೆಯೇ ಕತ್ತರಿಸಿ ಅತ್ತೆಯೇ ಹೊಲಿದ ಸುಳ್ಳು, ಪರರ ಮೈಮೇಲೆ ಏರಿ ವೇದಿಕೆಯ ಮೇಲೆ ನಿಂತಿತ್ತು.

ಅಮ್ಮನಿಗೆ ಆ ಗಂಟಲು ತಪ್ಪಾಗಿ ಕಾಣಲೇ ಇಲ್ಲ. ಯಾರಿಗೂ ಹೇಳಿಲ್ಲ, ಆದರೂ ಸೋಮವಾರ ಗೊತ್ತು, ಕತ್ತಿ ಗೊತ್ತು! ಇನ್ನು ಗಂಟಲು? ಗಡ್ಡೆ ಗೊತ್ತಾದ ದಿನದಿಂದ ಅವಳಿಗೆ ಹಾಡು ಬರುತ್ತಿರಲಿಲ್ಲ. ಬಾಯಿ ತೆರೆದರೆ ಕತ್ತು ಹಿಸುಕಿದ ಹಾಗಾಗುತ್ತಿತ್ತು. ದೇವರು ಎದೆಯನ್ನಲ್ಲ, ಅದಕ್ಕಿಂತ ಒಳಗಿನ ನೋವನ್ನು ನೋಡಿದ್ದಾನೆ ಎಂದು ಅವಳು ಅರ್ಥಮಾಡಿಕೊಂಡಳು. ನಂಬಬೇಕೆಂದು ಹಸಿದ ಮನಸ್ಸಿಗೆ ಅರ್ಥ ಹುಡುಕಿಕೊಳ್ಳುವುದು ಕಷ್ಟವಲ್ಲ. ಮನೆಗೆ ಬಂದವಳೇ ಆಸ್ಪತ್ರೆಗೆಂದು ತುಂಬಿಟ್ಟಿದ್ದ ಚೀಲವನ್ನು ಬಿಚ್ಚಿ ಬಟ್ಟೆಗಳನ್ನು ಬೀರುವಿನಲ್ಲಿ ಜೋಡಿಸಿದಳು. ಬಸ್ಸು ಓಡಿಸುತ್ತಿದ್ದ ಅಪ್ಪ ದಾರಿಯಲ್ಲಿ ಎಷ್ಟು ಗಟ್ಟಿಗನೋ ಮನೆಯಲ್ಲಿ ಅಷ್ಟೇ ಮೆತ್ತಗೆ. ದೇವರೇ ಹೇಳಿದ ಮೇಲೆ ಇನ್ನೇನು ಎಂದ. ಅವನಿಗೂ ಆ ಕತ್ತಿ ಬೇಡವಾಗಿತ್ತು. ನನಗೂ ಬೇಡವಾಗಿತ್ತು. ಮಾರನೆಯ ಬೆಳಿಗ್ಗೆ ಅಮ್ಮ ಕಿಟಕಿ ಒರೆಸುತ್ತ ಹಾಡುತ್ತಿದ್ದಳು.

ಅತ್ತೆ ಬೇಕರಿಯಮ್ಮನ ಹತ್ತಿರ ಹೋಗಿ ಬ್ರೆಡ್ಡು ಕೊಂಡಳು, ಅದೂ ಇದೂ ಮಾತಾಡಿದಳು, ಆಮೇಲೆ ಸರಪಳಿಯ ಮಾತು ಪ್ರವಾದಿಗೆ ಹೇಳಿದ್ದಿರಾ ಎಂದು ಕೇಳಿದಳು. ಬೇಕರಿಯಮ್ಮ ಮುಚ್ಚಿಡುವ ಪೈಕಿಯಲ್ಲ. ಹೌದು, ಮಂಗಳವಾರ ಊಟಕ್ಕೆ ಕೂತಾಗ, ನಿಮ್ಮ ಸಭೆಯವರ ಭಾರವನ್ನು ನಾನೂ ಹೊತ್ತು ಪ್ರಾರ್ಥಿಸುತ್ತೇನೆ, ಹೇಳಿ ಎಂದು ಅವರು ಕೇಳಿದರು, ಸರಪಳಿಯಲ್ಲಿ ಬಂದದ್ದನ್ನೆಲ್ಲ ಹೇಳಿದೆ ಎಂದಳು. ಹಾಗಾದರೆ ನೀವು ಹೇಳಿದ್ದನ್ನೇ ಅವರು ಹೇಳಿದರಲ್ಲ ಎಂದರೆ, ಬೇಕರಿಯಮ್ಮ ಕಣ್ಣರಳಿಸಿ, ಅದೇ ನೋಡಿ ಆಶ್ಚರ್ಯ, ನಾನು ಹೇಳಿದ್ದನ್ನು ದೇವರೂ ಅವರಿಗೆ ಖಾತ್ರಿ ಮಾಡಿದ್ದಾನೆ ಎಂದಳು. ಅತ್ತೆ ಬ್ರೆಡ್ಡು ಎತ್ತಿಕೊಂಡು ಹೊರಟಳು.

ಅಲ್ಲಿಂದ ಪಾಸ್ಟರರ ಮನೆಗೆ. ಎಲ್ಲವನ್ನೂ, ತನ್ನ ಸುಳ್ಳನ್ನೂ ಸೇರಿಸಿ, ಹೇಳಿದಳು. ಪಾಸ್ಟರರ ಮುಖ ಸಪ್ಪಗಾಯಿತು. ಅವರು ವಾಕ್ಯವನ್ನು ಬಲ್ಲವರು. ಪ್ರವಾದಿ ನುಡಿದದ್ದು ನಡೆಯದೆ ಹೋದರೆ ಅದು ದೇವರ ಮಾತಲ್ಲವೆಂದು ತಿಳಿಯಬೇಕು ಎಂದರು. ಫಲ ನೋಡಿ ಮರವನ್ನು ತಿಳಿಯಬೇಕು ಎಂದೂ ಹೇಳಿದರು.

“ನಡೆಯುತ್ತೋ ಇಲ್ವೋ ಅಂತ ಕಾದು ನೋಡೋಕೆ ಅವಳೇನು ಮೋಡಾನಾ ಪಾಸ್ಟರೇ? ಫಲ ಬಿಡೋ ಹೊತ್ತಿಗೆ ಅವಳೇ ಇರಲ್ಲ.”

ದೇವರು ಗುಣಪಡಿಸಲಾರ ಎಂದು ಅತ್ತೆ ಒಂದು ಗಳಿಗೆಯೂ ಅಂದುಕೊಂಡವಳಲ್ಲ. ಆದರೆ ಮನುಷ್ಯರನ್ನು ಉಂಟುಮಾಡಿದವನಿಗೆ ಎದೆ ಯಾವುದು, ಗಂಟಲು ಯಾವುದು ಎಂದು ಗೊತ್ತಿರಬೇಕಲ್ಲ ಎಂಬುದು ಅವಳ ವಾದ. ಆದರೂ ಒಬ್ಬ ಮನುಷ್ಯನನ್ನು ಅವನಿಲ್ಲದಾಗ ಸುಳ್ಳ ಎನ್ನುವುದು ನ್ಯಾಯವಲ್ಲವೆಂದು, ಗುರುವಾರ ಮಧ್ಯಾಹ್ನ ಕೋಟನ್ನು ಮಡಚಿ ತೋಳಿನ ಮೇಲೆ ಹಾಕಿಕೊಂಡು ಮಹಡಿ ಹತ್ತಿದಳು.

ಪ್ರವಾದಿ ಎದ್ದು ನಿಂತು ಕುರ್ಚಿ ಕೊಟ್ಟ. ಒರಟನಲ್ಲ. ಕಣ್ಣಿನ ಕೆಳಗೆ ಕಪ್ಪು, ಊರೂರು ತಿರುಗಿದ ದಣಿವು. ಅತ್ತೆ ಸುತ್ತಿ ಬಳಸಿ ಮಾತಾಡಲಿಲ್ಲ. ಆ ಗಂಟಲು ನಾನು ಕಟ್ಟಿದ ಸುಳ್ಳು, ನಿಮಗೆ ಊಟದ ಮೇಜಿನಲ್ಲಿ ಸಿಕ್ಕಿದೆ, ಅವಳಿಗಿರುವುದು ಬೇರೆ ಕಾಯಿಲೆ ಎಂದಳು. ಮಾತುಗಳು ನನ್ನ ಹೃದಯಕ್ಕೆ ಬರುತ್ತವೆ, ಯಾವ ಬಾಗಿಲಿಂದ ಬಂದವೆಂದು ನಾನು ನೋಡುವುದಿಲ್ಲ ಎಂದ. ಅದನ್ನು ಅವನು ನಂಬಿಯೇ ಹೇಳಿದ, ನಾಟಕವಾಡಲಿಲ್ಲ ಎಂದು ಅತ್ತೆ ಕೊನೆಯವರೆಗೂ ಹೇಳುತ್ತಿದ್ದಳು. ಹಾಗಾದರೆ ಇವತ್ತು ಸಂಜೆ ಎದ್ದು ನಿಂತು, ಡಾಕ್ಟರು ಹೇಳಿದ ಹಾಗೆ ಮಾಡಮ್ಮ ಎಂದು ಒಂದು ಮಾತು ಹೇಳಿಬಿಡಿ ಎಂದು ಅತ್ತೆ ಬೇಡಿಕೊಂಡಳು. ಒಂದು ಮಾತು ಹಿಂದಕ್ಕೆ ತೆಗೆದುಕೊಂಡರೆ ಉಳಿದ ಮಾತುಗಳನ್ನು ಯಾರು ನಂಬುತ್ತಾರೆ, ಎಷ್ಟು ಜನರ ನಂಬಿಕೆ ಕದಡುತ್ತದೆ ಎಂದು ಅವನು ತಲೆಯಾಡಿಸಿದ. ಆಮೇಲೆ ಕೋಟು ತೆಗೆದುಕೊಂಡು, ಒಳಗು ಹೊರಗು ಮಾಡಿ, ಹೊಲಿಗೆ ಚೆನ್ನಾಗಿ ಬಂದಿದೆ ಎಂದ.

ಅತ್ತೆ ಕೆಳಗಿಳಿದು ಬಂದಾಗ ನಾನು ಶಾಲೆಯಿಂದ ಬರುತ್ತಿದ್ದೆ. ನನ್ನ ಹೆಗಲ ಮೇಲೆ ಕೈಯಿಟ್ಟು ನಡೆದಳು. ಸ್ವಲ್ಪ ದೂರ ಹೋದ ಮೇಲೆ ಹೇಳಿದಳು.

“ಕೋಟು ಹೇಗಿದೆ ಅಂತ ತಿರುಗಿಸಿ ತಿರುಗಿಸಿ ನೋಡಿದ ಕಣೇ. ನಿಮ್ಮಮ್ಮ ಹೇಗಿದ್ದಾಳೆ ಅಂತ ಒಂದ್ಸಲಾನೂ ಕೇಳಲಿಲ್ಲ.”

ಕಾಯಿಲೆ ಬೇರೆ ಎಂದರೂ ಯಾವ ಕಾಯಿಲೆ ಎಂದು ಅವನು ಕೇಳಿರಲಿಲ್ಲ. ಕಳೆದುಹೋದ ಒಂದು ಕುರಿಯ ಹಿಂದೆ ಹೋಗುವ ಕುರುಬನ ಕಥೆಯನ್ನು ನಾವು ಹಾಲು ಹಲ್ಲಿನ ಕಾಲದಿಂದ ಕೇಳಿದ್ದೇವೆ. ಪ್ರವಾದಿ ಅಂಥ ಕುರುಬನಲ್ಲವೆಂದು ಅತ್ತೆ ಗುರುತಿಸಿದ್ದು ಅಲ್ಲಿಯೇ, ಗಂಟಲಿನ ಸುಳ್ಳು ಸಿಕ್ಕಿಬಿದ್ದದ್ದರಿಂದಲ್ಲ.

ಶುಕ್ರವಾರದ ಕೂಟಕ್ಕೆ ನಿಲ್ಲದೆ ಪ್ರವಾದಿ ಊರು ಬಿಟ್ಟಿದ್ದ. ಪಾಸ್ಟರರೇ ಎದ್ದು, ಕೆಮ್ಮಿ, ಕಾಗದ ಸರಿಮಾಡಿಕೊಂಡು, ಕರೆಸಿದ ತಪ್ಪು ತನ್ನದು, ಯಾರೂ ಔಷಧಿ ಬಿಡಬೇಡಿ, ಡಾಕ್ಟರನ್ನು ಬಿಡಬೇಡಿ, ದೇವರಿಗೆ ಡಾಕ್ಟರುಗಳ ಮೇಲೆ ಕೋಪವಿಲ್ಲ ಎಂದರು. ಜನ ಗೊಣಗಿದರು. ಆ ಸಂಜೆ ಮಾತ್ರ ಯಾರೂ ತೂಕಡಿಸಲಿಲ್ಲ. ಆದರೆ ಅಮ್ಮ ಅಲ್ಲಿರಲಿಲ್ಲ. ಮನೆಯಲ್ಲಿ ಹಾಡಿಕೊಂಡು ಅಪ್ಪನ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಪಾಸ್ಟರರು ಹೇಳಿದ್ದನ್ನು ನಾನು ಹೇಳಿದರೆ, ಅವರಿಗೆ ಹೊಟ್ಟೆಕಿಚ್ಚು ಎಂದು ನಕ್ಕಳು.

ಅಮ್ಮನಿಗೆ ಹೇಳಬಲ್ಲವಳು ಒಬ್ಬಳೇ. ಗಂಟಲು ಎಲ್ಲಿಂದ ಬಂತೆಂದು ಅತ್ತೆ ಬಾಯಿಬಿಟ್ಟು ಹೇಳದೆ ಅಮ್ಮ ನಂಬುವ ಹಾಗಿರಲಿಲ್ಲ. ಹೇಳಿದರೆ, ಕೊಟ್ಟ ಮಾತು ಮುರಿದದ್ದೂ ಹೇಳಬೇಕು. ಅದು ಅವಳಿಗೆ ದೊಡ್ಡದಾಗಿರಲಿಲ್ಲ. ಎರಡು ಸಲ ನಮ್ಮ ಬಾಗಿಲವರೆಗೆ ಬಂದು, ಒಳಗಿನ ಹಾಡು ಕೇಳಿ ಹಿಂದಕ್ಕೆ ಹೋಗಿದ್ದಳು. ಅಷ್ಟು ದಿನಗಳ ಮೇಲೆ ಬಂದ ಹಾಡನ್ನು ಬಾಯಿಂದ ಕಿತ್ತುಕೊಳ್ಳುವುದು ಹೇಗೆ ಎಂದು ಅವಳ ಸಂಕಟ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಶನಿವಾರ ಬಂದಳು. ಅಮ್ಮ ಚಹಾ ಕೊಟ್ಟಳು. ಅತ್ತೆ ಲೋಟ ಕೆಳಗಿಟ್ಟು, ನಿಂತುಕೊಂಡೇ, ಮೊದಲಿನಿಂದ ಕೊನೆಯವರೆಗೆ ಹೇಳಿದಳು. ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ. ಅಮ್ಮ ಕೂಗಾಡಬಹುದು ಎಂದುಕೊಂಡೆ. ಅವಳು ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಟ್ಟಳು.

“ನೀವು ಹೋಗಿ ಅತ್ತಿಗೆ.”

ಅತ್ತೆ ಹೋದಳು. ಅವಳು ಅಳುತ್ತ ಬೀದಿಯಲ್ಲಿ ನಡೆದುಹೋದದ್ದನ್ನು ನಾನು ಕಿಟಕಿಯಿಂದ ನೋಡಿದೆ. ನನಗೆ ಆಗ ಇಬ್ಬರ ಮೇಲೂ ಸಿಟ್ಟು ಬಂತು, ದೇವರ ಮೇಲೂ ಬಂತು. ಆ ಸಂಜೆ ನಮ್ಮ ಮನೆಯಲ್ಲಿ ಹಾಡು ಕೇಳಲಿಲ್ಲ.

ಭಾನುವಾರ ಆರಾಧನೆ ಮುಗಿದ ಮೇಲೆ ಅಮ್ಮ ನನ್ನ ಕೈ ಹಿಡಿದುಕೊಂಡು ನೇರವಾಗಿ ಮೆಟ್ಟಿಲ ಕೆಳಗಿನ ಕೋಣೆಗೆ ಹೋದಳು. ಅತ್ತೆ ಯಂತ್ರದ ಮುಂದೆ ಸುಮ್ಮನೆ ಕೂತಿದ್ದಳು, ಕಾಲು ಪೆಡಲಿನ ಮೇಲಿರಲಿಲ್ಲ. ಅಮ್ಮ ಆ ಉದ್ದ ಕನ್ನಡಿಯ ಪಕ್ಕದ ಕುರ್ಚಿಯಲ್ಲಿ ಕುಸಿದಳು.

“ಹಾಗಾದ್ರೆ ದೇವರು ನನಗೆ ಏನೂ ಹೇಳಲೇ ಇಲ್ವಾ ಅತ್ತಿಗೆ?”

ಅತ್ತೆ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಸೂಜಿಮೆತ್ತೆಗೆ ಚುಚ್ಚಿದಳು. ಗೊತ್ತಿಲ್ಲ ಎಂದಳು. ಅಮ್ಮ ಚಿಕ್ಕ ಮಗುವಿನ ಹಾಗೆ ಅವ್ವನ ಸೆರಗೇನೋ ಎಂಬಂತೆ ಅತ್ತೆಯ ತೋಳಿನ ಬಟ್ಟೆ ಹಿಡಿದು, ಎಲ್ಲ ಸರಿಹೋಗುತ್ತದೆ ಅಂತಾದರೂ ಹೇಳಿ, ನೀವು ಹೇಳಿದರೆ ನಂಬುತ್ತೇನೆ ಎಂದು ಕೇಳಿದಳು. ಹೇಳಿಬಿಡಬಾರದೇ ಎಂದು ನನ್ನ ಮನಸ್ಸು ಒಳಗೇ ಕೂಗುತ್ತಿತ್ತು. ಬೇರೆ ಯಾರಾಗಿದ್ದರೂ ಹೇಳುತ್ತಿದ್ದರು. ಅತ್ತೆ ಹೇಳಲಿಲ್ಲ.

“ಅದು ನಂಗೊತ್ತಿಲ್ಲ ಕಣಮ್ಮ. ಗೊತ್ತಿಲ್ಲದ್ದನ್ನ ದೇವರ ಹೆಸರಲ್ಲಿ ಹೇಳೋದು ಸಾಕಾಗಿದೆ. ಗೊತ್ತಿರೋದು ಒಂದೇ. ನೀನು ಅಲ್ಲಿ ಕಣ್ಣು ಬಿಟ್ಟಾಗ ಪಕ್ಕದಲ್ಲಿ ನಾನಿರ್ತೀನಿ.”

ಅಮ್ಮ ಅವಳ ಮಡಿಲಲ್ಲಿ ಮುಖವಿಟ್ಟು ಅತ್ತಳು. ಆಮೇಲೆ ಇಬ್ಬರೂ ಸೇರಿ ಮನೆಗೆ ಬಂದು ಚೀಲ ತುಂಬಿದರು.

ಇರುತ್ತೇನೆ ಎಂದು ಹೇಳುವುದು ಸುಲಭ. ಆಪರೇಷನ್ ಆದವರನ್ನು ಮಲಗಿಸುವ ಕೋಣೆಗೆ ಮನೆಯವರನ್ನು ಬಿಡುವುದಿಲ್ಲವೆಂದು ಆಸ್ಪತ್ರೆಯ ದೊಡ್ಡ ನರ್ಸು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದರು. ಅಪ್ಪ ಕೈಮುಗಿದ, ಆಗಲಿಲ್ಲ. ಅತ್ತೆ ವಾದ ಮಾಡಲಿಲ್ಲ. ಬಾಗಿಲಿಂದ ಒಳಗೆ ಇಣುಕಿದಳು. ಒಂದು ಹಾಸಿಗೆಯ ಸುತ್ತ ಇಳಿಬಿಟ್ಟಿದ್ದ ಪರದೆ ಕೊಂಡಿಯ ಹತ್ತಿರ ಹರಿದು ಜೋತುಬಿದ್ದಿತ್ತು. ಅತ್ತೆ ತನ್ನ ಕಾಲರಿನ ಹಿಂದೆ ಸದಾ ಚುಚ್ಚಿಕೊಂಡಿರುತ್ತಿದ್ದ ಸೂಜಿಯನ್ನು ತೆಗೆದು ತೋರಿಸಿ, ಮಲಗಿರುವವರ ಮಾನ ಹೋಗುತ್ತದೆ, ಇದನ್ನು ಹೊಲಿದುಕೊಡಲೇ ಎಂದು ಕೇಳಿದಳು. ದೊಡ್ಡ ನರ್ಸು ಪರದೆ ನೋಡಿದರು, ಸೂಜಿ ನೋಡಿದರು, ಕೈ ತೊಳೆದು ಬನ್ನಿ ಎಂದರು.

ಗಳಿಗೆಯಲ್ಲಿ ಮುಗಿಯುವ ಕೆಲಸ ಅದು. ನಮ್ಮ ಅತ್ತೆ, ಬೀದಿಗೆಲ್ಲ ಬೇಗ ಹೊಲಿಯುವವಳೆಂದು ಹೆಸರಾದವಳು, ಅಂದು ಮಧ್ಯಾಹ್ನವೆಲ್ಲ ಅದನ್ನೇ ಹೊಲಿದಳು. ಹೊಲಿದಳು, ಸರಿಯಾಗಲಿಲ್ಲವೆಂದು ಬಿಚ್ಚಿದಳು, ಮತ್ತೆ ಹೊಲಿದಳು. ದೊಡ್ಡ ನರ್ಸು ಎರಡು ಸಲ ಬಂದು ನೋಡಿದರು. ಮೂರನೆಯ ಸಲ ಬಂದಾಗ ಕೂರಲು ಒಂದು ಸ್ಟೂಲು ಇಟ್ಟುಹೋದರು.

ಅಮ್ಮ ಕಣ್ಣು ಬಿಟ್ಟಾಗ ಮೊದಲು ಕಂಡದ್ದು ಸೂಜಿಯಂತೆ, ಆಮೇಲೆ ಅದನ್ನು ಹಿಡಿದ ಕೈ. ಇದ್ದೀರಾ ಎಂದು ತುಟಿ ಆಡಿಸಿದಳು. ಇದ್ದೀನಿ ಎಂದಳು ಅತ್ತೆ. ಅಮ್ಮ ಏನೋ ಹೇಳಲು ಹೋಗಿ ಮುಖ ಕಿವುಚಿದಳು. ಅರಿವಳಿಕೆ ಕೊಡುವಾಗ ಬಾಯೊಳಗೆ ಕೊಳವೆ ಇಳಿಸಿರುತ್ತಾರೆ, ಅದಕ್ಕೆ ಅವಳ ಸ್ವರವೇ ಬಿದ್ದುಹೋಗಿತ್ತು.

“ಗಂಟಲು ನೋಯ್ತಿದೆ ಅತ್ತಿಗೆ.”

ಅತ್ತೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲವಂತೆ. ಮೊದಲು ನಕ್ಕದ್ದು ಅಮ್ಮ, ಹೊಲಿಗೆ ಎಳೆದು ನೋವಾಗಿ ಕಣ್ಣಲ್ಲಿ ನೀರು ಬಂದರೂ. ಆಮೇಲೆ ಅತ್ತೆ ಅವಳ ಹಣೆ ಸವರುತ್ತ, ಹರಿದ ಪರದೆಯನ್ನು ಮಡಿಲಲ್ಲಿಟ್ಟುಕೊಂಡು, ಕ್ಷಮೆ ಕೇಳಿದಳು.

ಮುಂದೆ ಔಷಧಿ, ವಾಂತಿ, ಉದುರಿದ ಕೂದಲು, ಎಲ್ಲವೂ ಆಯಿತು, ಸುಲಭವಾಗಿರಲಿಲ್ಲ. ಅತ್ತೆ ಅಮ್ಮನ ಉಡುಪುಗಳನ್ನೆಲ್ಲ ಒಂದೊಂದಾಗಿ ಒಯ್ದು, ಎದೆಯ ಎಡಭಾಗದ ಒಳಗೆ ಮೆತ್ತನೆಯ ಬಟ್ಟೆಯಿಟ್ಟು ಹೊಲಿದು ತಂದಳು. ಅಮ್ಮ ಹಾಡಲು ನಿಂತಾಗ ಯಾರೂ ಅಲ್ಲಿ ನೋಡಲಿಲ್ಲ, ನೋಡುವಂಥದ್ದು ಏನೂ ಕಾಣುತ್ತಿರಲಿಲ್ಲ. ಸರಪಳಿಯ ಮೊದಲ ಕೊಂಡಿಯ ಸ್ಥಾನವನ್ನು ಅತ್ತೆ ತಾನಾಗಿಯೇ ಬಿಟ್ಟಳು. ಹೆಸರು, ಕಾಯಿಲೆ ಹೇಳದೆ ಪ್ರಾರ್ಥಿಸುವುದನ್ನು ನಮ್ಮ ಸಭೆ ನಿಧಾನವಾಗಿ ಕಲಿಯಿತು. ಕೆಲವರಿಗೆ ಇನ್ನೂ ಬಂದಿಲ್ಲ.

ಅತ್ತೆ ಈಗಿಲ್ಲ. ಅಮ್ಮನಿಗೆ ತಲೆ ಪೂರ್ತಿ ನರೆತಿದೆ. ಈಗಲೂ ಊರಿಗೆ ಯಾವನಾದರೂ ಪ್ರವಾದಿ ಬಂದರೆ ಬೀದಿಯ ಹೆಂಗಸರು ಅಮ್ಮನನ್ನು ಕರೆಯಲು ಬರುತ್ತಾರೆ, ಅವರು ನುಡಿದದ್ದು ನಡೆಯುತ್ತದಂತೆ ಎನ್ನುತ್ತಾರೆ. ಅಮ್ಮ ಅವರನ್ನು ಕೂರಿಸಿ ಚಹಾ ಕೊಡುತ್ತಾಳೆ.

“ನನಗೂ ಒಬ್ಬರು ನುಡಿದಿದ್ರು,” ಎನ್ನುತ್ತಾಳೆ. “ಇರ್ತೀನಿ ಅಂದ್ರು. ಇದ್ರು.”